ನೀಲಿ ಪರದೆ ಬಂದಾಗ, ಫಾರ್ಮ್ಯಾಟ್ ಮಾಡಿಸುವ ಮೊದಲು

ಈ ಸಲದ ರೋಬಸ್ಟಾ ಕಾಫಿ ಕೊಯ್ಲಿನಲ್ಲಿ ಒಂದು ಸಂಜೆ ಕೊಡಗಿನ ಸುಂಟಿಕೊಪ್ಪದ ಕಡೆಯ ತೋಟವೊಂದರ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಫೋನ್ ಮಾಡಿದರು. ಆಳುಗಳು ಹಣ್ಣಿನ ಚೀಲ ಹೊತ್ತು ತೂಕಕ್ಕೆ ಸಾಲು ನಿಂತಿದ್ದಾರೆ. ತೂಕದ ಯಂತ್ರಕ್ಕೆ ಕೇಬಲ್ ಹಾಕಿ ಜೋಡಿಸಿದ ಕಂಪ್ಯೂಟರ್ ಮೂರನೇ ಸಲ ಕೈಕೊಟ್ಟಿದೆ. “ಎಂತದೋ ಇಂಗ್ಲಿಷಲ್ಲಿ ಬರ್ತದೆ ಸರ್, ಓದುವಷ್ಟರಲ್ಲಿ ಹೋಗಿ ಪುನಃ ಮೊದಲಿಂದ ಶುರುವಾಗ್ತದೆ. ಫಾರ್ಮ್ಯಾಟ್ ಮಾಡ್ಬೇಕು, ನಾಳೆ ತನ್ನಿ ಅಂತ ಅಂಗಡಿಯವರು ಹೇಳಿದ್ರು.”

ಅವರು ಕಂಡದ್ದು ನೀಲಿ ಪರದೆ, ವಿಂಡೋಸ್ ಎಲ್ಲವನ್ನೂ ನಿಲ್ಲಿಸುವಾಗ ತೋರಿಸುವ ಸೂಚನೆ. ಅದಕ್ಕೆ ಫಾರ್ಮ್ಯಾಟ್, ಅಂದರೆ ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು, ಬೇಕಿರಲಿಲ್ಲ. ತಪ್ಪು ಇದ್ದದ್ದು ಡ್ರೈವರ್ ಎಂಬ ಒಂದು ಸಣ್ಣ ಕಡತದಲ್ಲಿ.

ಇಂಥ ಫೋನುಗಳು ಈಚೆಗೆ ಹೆಚ್ಚಾಗಿವೆ, ಅದಕ್ಕೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಷ್ಟೋ ಕಚೇರಿ, ಹೋಮ್‌ಸ್ಟೇ, ಅಂಗಡಿಗಳ ಯಂತ್ರಗಳು ವಿಂಡೋಸ್ 11ಕ್ಕೆ ಬದಲಾದವು. ಬಿಲ್ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ತೂಕದ ಯಂತ್ರದ ಕೇಬಲ್ ಮಾತ್ರ ಹಳೆಯವೇ ಉಳಿದವು.

ಡ್ರೈವರ್ ಎಂಬ ಮೇಸ್ತ್ರಿ

ತೋಟದ ಮಾಲೀಕರಿಗೆ ಕನ್ನಡ ಬರುತ್ತದೆ, ಕೊಡವರ ಭಾಷೆಯಾದ ಕೊಡವ ತಕ್ಕ್ ಬರುತ್ತದೆ. ಅಸ್ಸಾಮಿನಿಂದ ಮೊನ್ನೆ ಬಂದಿಳಿದ ಆಳುಗಳಿಗೆ ಎರಡೂ ಬಾರದು. ನಡುವೆ ಮೇಸ್ತ್ರಿ ಇದ್ದಾನೆ. “ನಾಳೆ ಮೇಲಿನ ಬ್ಲಾಕ್ ಮುಗಿಸಬೇಕು” ಎಂದಷ್ಟೇ ಮಾಲೀಕರು ಹೇಳುತ್ತಾರೆ. ಯಾರು ಯಾವ ಸಾಲಿಗೆ, ಏಣಿ ಯಾರ ಕೈಗೆ ಎಂಬುದೆಲ್ಲ ಮೇಸ್ತ್ರಿಯ ಜವಾಬ್ದಾರಿ.

ಕಂಪ್ಯೂಟರಿನಲ್ಲಿ ವಿಂಡೋಸ್ ಮಾಲೀಕ, ಪ್ರಿಂಟರ್, ವೈಫೈ, ಕ್ಯಾಮೆರಾ, ಸ್ಪೀಕರ್ ಆಳುಗಳು. ಒಂದೊಂದರ ಭಾಷೆ ಒಂದೊಂದು. ವಿಂಡೋಸ್ “ಈ ಪುಟ ಅಚ್ಚಾಗಲಿ” ಎನ್ನುತ್ತದೆ; ಮೋಟಾರು ಎಷ್ಟು ಸುತ್ತು ತಿರುಗಬೇಕು, ಶಾಯಿ ಎಲ್ಲಿ ಬೀಳಬೇಕು ಎಂಬ ಲೆಕ್ಕವನ್ನು ಆ ಪ್ರಿಂಟರಿನ ಭಾಷೆಗೆ ತಿರುಗಿಸುವ ತಂತ್ರಾಂಶವೇ ಡ್ರೈವರ್. ಕೀಲಿಮಣೆ, ಮೌಸ್, ಪೆನ್‌ಡ್ರೈವ್‌ಗಳಿಗೆ ಬೇಕಾದ ಸಾಮಾನ್ಯ ಡ್ರೈವರುಗಳನ್ನು ಮೈಕ್ರೋಸಾಫ್ಟ್ ತಾನೇ ಬರೆದು ವಿಂಡೋಸ್ ಜೊತೆ ಕೊಟ್ಟಿರುತ್ತದೆ. ಅದಕ್ಕೇ ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ತೆರೆದುಕೊಳ್ಳುತ್ತದೆ. ಉಳಿದವನ್ನು ಬರೆಯುವವರು ಹೆಚ್ಚಾಗಿ ಆ ಸಾಧನ ತಯಾರಿಸಿದ ಕಂಪನಿಯವರೇ. ಅವರಲ್ಲಿ ಕೆಲವರು ಅಚ್ಚುಕಟ್ಟು, ಕೆಲವರು ಹೇಗೋ ನಡೆದರೆ ಸಾಕು ಎನ್ನುವವರು. ಅಗ್ಗದ ಕೇಬಲ್ಲಿನ ಜೊತೆ ಬರುವ ಸಣ್ಣ ಸಿಡಿಯನ್ನು ನೋಡಿದರೆ ಯಾವ ಜಾತಿ ಎಂದು ಊಹಿಸಬಹುದು.

ಒಂದು ಕೇಬಲ್ಲಿಗಾಗಿ ಇಡೀ ಯಂತ್ರ ಏಕೆ ನಿಲ್ಲಬೇಕು?

ವರ್ಡ್ ಕೆಟ್ಟರೆ ವರ್ಡ್ ಮಾತ್ರ ಮುಚ್ಚಿಕೊಳ್ಳುತ್ತದೆ. ಬ್ರೌಸರ್ ಸತ್ತರೆ ಇನ್ನೊಮ್ಮೆ ತೆರೆದರಾಯಿತು. ಡ್ರೈವರ್ ಕೆಟ್ಟರೆ ಮಾತ್ರ ಎಲ್ಲವೂ ಒಟ್ಟಿಗೇ ನಿಲ್ಲುವುದೇಕೆ?

ನಾವು ಬಳಸುವ ತಂತ್ರಾಂಶಗಳೆಲ್ಲ ಐನ್‌ಮನೆಯ (ಕೊಡವರ ಮೂಲ ಮನೆಯ) ಕೈಯಾಲೆಯಲ್ಲಿ, ಅಂದರೆ ಹೊರ ಜಗಲಿಯಲ್ಲಿ, ಕೂತ ನೆಂಟರಿದ್ದ ಹಾಗೆ. ಏನು ಬೇಕಿದ್ದರೂ ಒಳಗಿನವರನ್ನು ಕೇಳಿ ಪಡೆಯಬೇಕು, ತಾವಾಗಿ ಒಳಗೆ ನುಗ್ಗುವಂತಿಲ್ಲ. ಒಳಮನೆಯ ಹೆಸರು ಕರ್ನೆಲ್. ಇಡೀ ಮೆಮೊರಿ, ಡಿಸ್ಕ್, ಪ್ರೊಸೆಸರ್ ಅದರ ಹಿಡಿತದಲ್ಲಿರುತ್ತವೆ. ಗ್ರಾಫಿಕ್ಸ್, ವೈಫೈ, ಸೌಂಡಿನಂಥ ಅನೇಕ ಸಾಧನಗಳ ಡ್ರೈವರುಗಳು ವೇಗಕ್ಕಾಗಿ ಈ ಒಳಮನೆಯಲ್ಲೇ ಓಡಾಡುತ್ತವೆ. ಮೇಸ್ತ್ರಿಯ ಸೊಂಟದಲ್ಲಿ ಗೋದಾಮಿನ ಬೀಗದ ಕೈ ಇದ್ದಂತೆ. ಅವನು ಕತ್ತಲಲ್ಲಿ ತಪ್ಪು ಬಾಗಿಲು ತೆರೆದರೆ ತಡೆಯುವವರು ಅಲ್ಲಿ ಯಾರೂ ಇಲ್ಲ.

ತನ್ನದಲ್ಲದ ಮೆಮೊರಿಯ ಮೇಲೆ ಡ್ರೈವರೊಂದು ಗೀಚಿತು ಎನ್ನೋಣ. ಹಾಳಾದದ್ದು ಯಾವುದು, ಉಳಿದದ್ದು ಯಾವುದು ಎಂದು ವಿಂಡೋಸಿಗೆ ಆಮೇಲೆ ಗೊತ್ತಾಗುವುದಿಲ್ಲ. ಹಾಗೆಯೇ ಮುಂದುವರಿದರೆ ಆ ಹಾಳು ಲೆಕ್ಕವೇ ಡಿಸ್ಕಿಗೆ ಹೋಗಿ ಕೂರಬಹುದು, ನಿಮ್ಮ ಚೆಕ್‌ರೋಲ್, ಬಿಲ್ಲು, ಫೋಟೋಗಳ ಮೇಲೆ. ಅದಕ್ಕಾಗಿ ವಿಂಡೋಸ್ ಬೇಕೆಂದೇ ಎಲ್ಲವನ್ನೂ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಎಲ್ಲೋ ಕರೆಂಟ್ ಸೋರಿದರೆ ಇಎಲ್‌ಸಿಬಿ ಎಂಬ ರಕ್ಷಣಾ ಸ್ವಿಚ್ ಟ್ರಿಪ್ ಆಗುತ್ತದಲ್ಲ, ನೀಲಿ ಪರದೆ ಎಂದರೆ ಅದೇ. ಟ್ರಿಪ್ ಆಯಿತೆಂದು ಯಾರೂ ಇಡೀ ಮನೆಯ ವೈರಿಂಗ್ ಕೀಳಿಸುವುದಿಲ್ಲ. ಎಲ್ಲ ಸ್ವಿಚ್ ಆರಿಸಿ, ಒಂದೊಂದನ್ನೇ ಹಾಕಿ, ಯಾವುದಕ್ಕೆ ಬೀಳುತ್ತದೆ ಎಂದು ನೋಡುತ್ತೇವೆ. ಮುಂದೆ ಹೇಳುವ ಕ್ರಮವೆಲ್ಲ ಇಷ್ಟೇ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗ ಸಹೋದ್ಯೋಗಿಯೊಬ್ಬರು ವಿಂಡೋಸ್ 98 ಯಂತ್ರಕ್ಕೆ ಸ್ಕ್ಯಾನರ್ ಸಿಕ್ಕಿಸಿದರು. ಅದಕ್ಕೆ ಬೇಕಾದ ತಂತ್ರಾಂಶ ತಾನಾಗಿ ಹೊಂದಿಕೊಳ್ಳಬೇಕಿತ್ತು. ಬದಲಿಗೆ ಸಭೆಯೆದುರಿನ ದೊಡ್ಡ ತೆರೆಯ ಮೇಲೆ ನೀಲಿ ಪರದೆ ಬಂತು.

2024ರ ಜುಲೈ 19ರದ್ದು ಇನ್ನೂ ನೆನಪಿರಬಹುದು. ವಿಮಾನ ನಿಲ್ದಾಣಗಳಲ್ಲಿ ಕಂಪ್ಯೂಟರುಗಳು ನಿಂತು, ನಮ್ಮ ದೇಶದಲ್ಲೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟ ದಿನ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶ ಯಾವ ಸಾಧನಕ್ಕೂ ಸೇರಿದ್ದಲ್ಲ, ಆದರೂ ಕಾವಲಿಗಾಗಿ ಒಳಮನೆಯಲ್ಲಿ ಡ್ರೈವರ್ ರೂಪದಲ್ಲಿ ಕೂತಿತ್ತು. ಅದು ಓದುವ ಮಾಹಿತಿ ಕಡತವೊಂದು ಅಂದು ಹೊಸದಾಗಿ ಬಂತು. ಓದುವವನು 21 ಅಂಶಗಳನ್ನು ನಿರೀಕ್ಷಿಸಿದ್ದ, ಅವನ ಕೈಗೆ ಬಂದದ್ದು 20. ಪಟ್ಟಿ ಮುಗಿದ ಮೇಲೂ ಮುಂದಿನ ಸಾಲು ಓದಲು ಹೋಗಿ ಇರಬಾರದ ಜಾಗಕ್ಕೆ ಕೈಯಿಟ್ಟ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಯಂತ್ರಗಳು ನಿಂತವು. ಅದಕ್ಕೆ ಮದ್ದು? ಒಂದೊಂದೇ ಯಂತ್ರವನ್ನು ಸೇಫ್ ಮೋಡಿನಲ್ಲಿ ತೆರೆದು, ಆ ಒಂದು ಕಡತ ಅಳಿಸಿ, ಮತ್ತೆ ಶುರು ಮಾಡುವುದು. ನಾಪೋಕ್ಲಿನ ಅಂಗಡಿಯ ಕಂಪ್ಯೂಟರಿಗೂ ನಾವು ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಪರದೆಯ ಮೇಲೆ ಏನು ಬರೆದಿದೆ?

ಮೊದಲು ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಳ್ಳಿ. ಅಂದಹಾಗೆ ಆ ಪರದೆ ಈಗ ನೀಲಿಯೇ ಆಗಿರಬೇಕೆಂದಿಲ್ಲ. 2025ರಲ್ಲಿ ಬಂದ ಅಪ್‌ಡೇಟ್ ನಂತರದ ವಿಂಡೋಸ್ 11ರಲ್ಲಿ ಅದು ಕಪ್ಪಾಗಿದೆ. ಬಣ್ಣ ಹೇಗಿದ್ದರೂ ನೋಡಬೇಕಾದ್ದು ಎರಡು ಸಾಲು. ಒಂದು, ಸ್ಟಾಪ್ ಕೋಡ್, ಅಂದರೆ ನಿಲ್ಲಿಸಿದ ಕಾರಣ. ಇನ್ನೊಂದು, ಸೋತ ಕಡತದ ಹೆಸರು. ಇದು ಎಲ್ಲ ಸಲವೂ ಇರುವುದಿಲ್ಲ.

ಸ್ಟಾಪ್ ಕೋಡ್‌ಗಳಲ್ಲಿ ಹೆಚ್ಚು ಕಾಣುವುದು ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ಹೆಸರು ಮಂತ್ರದಂತಿದ್ದರೂ ವಿಷಯ ಅಡುಗೆಮನೆಯದೇ. ವಿಂಡೋಸ್ ಸದ್ಯಕ್ಕೆ ಬೇಡದ ಮಾಹಿತಿಯನ್ನು ಮೆಮೊರಿಯಿಂದ ಇಳಿಸಿ ಡಿಸ್ಕಿನಲ್ಲಿ ಇಡುತ್ತದೆ, ನಾವು ಸಾಮಾನನ್ನು ಅಟ್ಟಕ್ಕೆ ಹಾಕುವ ಹಾಗೆ. ಒಗ್ಗರಣೆ ಸೀಯುತ್ತಿರುವಾಗ ಅಟ್ಟ ಹತ್ತಿ ಸಾಸಿವೆ ಡಬ್ಬಿ ತರಲಾಗದು. ಬೇಕಾದ್ದು ಮೊದಲೇ ಕೈಗೆಟುಕುವಲ್ಲಿ ಇರಬೇಕು. ತುರ್ತು ಹಂತದಲ್ಲಿ ಓಡುವ ಡ್ರೈವರಿಗೂ ಇದೇ ನಿಯಮ. ಅದನ್ನು ಮುರಿದು ಅಟ್ಟದಲ್ಲಿರುವುದನ್ನು ಮುಟ್ಟಲು ಹೋದರೆ ಈ ಕೋಡ್ ಬರುತ್ತದೆ. ಇದು ಬಂದರೆ ಮೊದಲ ಅನುಮಾನ ಡ್ರೈವರಿನ ಮೇಲೆಯೇ.

‘ವಿಡಿಯೋ ಟಿಡಿಆರ್ ಫೇಲ್ಯೂರ್’ ಎಂದರೆ ಗ್ರಾಫಿಕ್ಸ್. ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ತಟ್ಟಿ ಎಬ್ಬಿಸುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳುವುದು ಆಗಲೇ. ಎಬ್ಬಿಸಿದರೂ ಏಳದಿದ್ದರೆ ಈ ಕೋಡ್. ‘ಡಿಪಿಸಿ ವಾಚ್‌ಡಾಗ್ ವಯೊಲೇಷನ್’ ಎಂದರೆ ಯಾವುದೋ ಡ್ರೈವರ್ ತನ್ನ ಸರದಿ ಮುಗಿದರೂ ಜಾಗ ಬಿಡದೆ ಕೂತಿದೆ ಎಂದರ್ಥ.

ಕಡತದ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ಚುಕ್ಕಿ ಹಾಕಿ ‘ಸಿಸ್’ ಎಂದಿರುತ್ತದೆ. ಮೊದಲ ಅಕ್ಷರಗಳು ಮನೆತನ ಹೇಳುತ್ತವೆ: ‘ಎನ್‌ವಿ’ ಇದ್ದರೆ ಹೆಚ್ಚಾಗಿ ಎನ್ವಿಡಿಯಾ, ‘ಎಎಂಡಿ’ ಅಥವಾ ‘ಎಟಿಐ’ ಇದ್ದರೆ ಎಎಂಡಿ, ‘ಐಜಿಡಿ’ ಎಂದರೆ ಇಂಟೆಲ್ ಗ್ರಾಫಿಕ್ಸ್, ‘ಆರ್‌ಟಿ’ ಎಂದರೆ ರಿಯಲ್‌ಟೆಕ್‌ನ ಸೌಂಡ್ ಇಲ್ಲವೇ ನೆಟ್‌ವರ್ಕ್, ‘ನೆಟ್‌ಡಬ್ಲ್ಯೂ’ ಎಂದರೆ ಇಂಟೆಲ್ ವೈಫೈ. ಎನ್‌ಟಿ ಓಎಸ್ ಕರ್ನೆಲ್ ಎಂಬ ಹೆಸರು ಬಂದರೆ ಮೋಸಹೋಗಬೇಡಿ. ಅದು ವಿಂಡೋಸಿನ ಒಳಮನೆಯೇ. ಜಗಳ ನಡೆದದ್ದು ಆ ಮನೆಯಲ್ಲಿ ಎಂದಷ್ಟೇ ಅದರಿಂದ ತಿಳಿಯುತ್ತದೆ, ಶುರು ಮಾಡಿದವರು ಯಾರೆಂದಲ್ಲ.

ಓದುವಷ್ಟರಲ್ಲಿ ಮಾಯವಾದರೆ

ರೈಟರ್ ಹೇಳಿದ ತೊಂದರೆ ಇದೇ. ವಿಂಡೋಸ್ ತಾನಾಗಿ ಮರುಪ್ರಾರಂಭ ಆಗುವುದನ್ನು ತಡೆಯಬಹುದು: ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ ತೆರೆದು ‘ಆಟೊಮ್ಯಾಟಿಕಲಿ ರಿಸ್ಟಾರ್ಟ್’ ಮುಂದಿನ ಗುರುತು ತೆಗೆಯಿರಿ. ಮುಂದಿನ ಸಲ ಪರದೆ ನೀವು ಫೋಟೋ ಹೊಡೆಯುವ ತನಕ ಕಾಯುತ್ತದೆ.

ಆದ ಸಲದ ದಾಖಲೆಯೂ ಸಾಮಾನ್ಯವಾಗಿ ಉಳಿದಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ರಿಲಯಬಿಲಿಟಿ ಮಾನಿಟರ್ ಸಿಗುತ್ತದೆ. ಕ್ಯಾಲೆಂಡರಿನಂತೆ ದಿನ ದಿನದ ಪಟ್ಟಿ, ಕೆಟ್ಟ ದಿನಕ್ಕೆ ಕೆಂಪು ಗುರುತು. ಅದೇ ದಿನ ಅಥವಾ ಹಿಂದಿನ ದಿನ ಯಾವ ಅಪ್‌ಡೇಟ್ ಬಂತು, ಯಾವ ಡ್ರೈವರ್ ಕೂತಿತು ಎಂಬುದೂ ಅದರಲ್ಲೇ ಕಾಣುತ್ತದೆ. ನನ್ನ ಲೆಕ್ಕದಲ್ಲಿ ವಿಂಡೋಸಿನಲ್ಲಿ ಇದಕ್ಕಿಂತ ಉಪಯುಕ್ತವಾದ, ಇದಕ್ಕಿಂತ ಕಡಿಮೆ ಜನ ತೆರೆದು ನೋಡಿದ ಪುಟ ಇನ್ನೊಂದಿಲ್ಲ.

ಇನ್ನೂ ಆಳಕ್ಕೆ ಹೋಗುವುದಾದರೆ, ನಿಲ್ಲುವ ಗಳಿಗೆಯಲ್ಲಿ ಮೆಮೊರಿಯ ಒಂದು ತುಣುಕನ್ನು ವಿಂಡೋಸ್ ತನ್ನ ಫೋಲ್ಡರಿನೊಳಗಿನ ಮಿನಿಡಂಪ್ ಎಂಬ ಜಾಗದಲ್ಲಿ ಬರೆದಿಡುತ್ತದೆ. ನಿರ್‌ಸಾಫ್ಟ್‌ನವರ ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ತಂತ್ರಾಂಶ ಅದನ್ನು ತೆರೆದು ಅನುಮಾನದ ಕಡತದ ಹೆಸರು ತೋರಿಸುತ್ತದೆ. ಮೈಕ್ರೋಸಾಫ್ಟ್‌ನದೇ ವಿನ್‌ಡಿಬಿಜಿ ಇನ್ನೂ ನಿಖರ, ಕಲಿಯಲು ಸ್ವಲ್ಪ ತಾಳ್ಮೆ ಬೇಕು.

ಡ್ರೈವರಾ, ರ‍್ಯಾಮಾ, ಕರೆಂಟಾ?

ಎಲ್ಲ ಸಾವನ್ನೂ ಡ್ರೈವರಿನ ತಲೆಗೆ ಕಟ್ಟಲಾಗದು, ಅದರಲ್ಲೂ ನಮ್ಮ ಊರಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಕಂಪ್ಯೂಟರಿನ ಒಳಗೂ ತೇವ ಕೂರುತ್ತದೆ. ಮರ ಬಿದ್ದು ತಂತಿ ಹರಿದು ಕರೆಂಟ್ ಬಂದು ಹೋಗುವಾಗ ಹಳೇ ಯುಪಿಎಸ್ ತಾಳುವುದಿಲ್ಲ.

ಬೇರ್ಪಡಿಸಲು ಒಂದು ಸರಳ ಉಪಾಯವಿದೆ. ಮೂರು ನಾಲ್ಕು ಸಲದ ಫೋಟೋ ಅಥವಾ ಮಿನಿಡಂಪ್ ಪಕ್ಕ ಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಅದೇ ಕಡತದ ಹೆಸರು, ಅಥವಾ ಅದೇ ಕೆಲಸ ಮಾಡುವಾಗಲೇ ಬೀಳುತ್ತದೆ ಎಂದರೆ ಡ್ರೈವರ್ ಇರಬೇಕು. ಒಂದೊಂದು ಸಲ ಒಂದೊಂದು ಕೋಡ್, ಒಂದೊಂದು ಹೆಸರು ಎಂದರೆ ರ‍್ಯಾಮ್ (ಮೆಮೊರಿಯ ಚಿಪ್) ಮೇಲೆ ಅನುಮಾನ; ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ನೋಡಬಹುದು. ‘ಡಬ್ಲ್ಯೂಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಬಂದರೆ ಸಾಮಾನ್ಯವಾಗಿ ಪ್ರೊಸೆಸರ್, ಬಿಸಿ ಅಥವಾ ವಿದ್ಯುತ್ತಿನ ಕಡೆಗೇ ನೋಡಬೇಕು. ಯಾವ ಪರದೆಯೂ ಬಾರದೆ ಫಕ್ಕನೆ ಆರಿ, ವಿಂಡೋಸಿನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್ ಪವರ್ 41’ ಎಂಬ ಸಾಲು ಮಾತ್ರ ಇದ್ದರೆ ಮೊದಲು ಪ್ಲಗ್, ಯುಪಿಎಸ್, ಪವರ್ ಸಪ್ಲೈ ಪರೀಕ್ಷಿಸಿ.

ಇದಕ್ಕಿಂತಲೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಇದು ಶುರುವಾಗುವ ಮುಂಚೆ ಏನು ಬದಲಾಯಿತು? ಹೊಸ ಸಾಧನವೇ, ಅಪ್‌ಡೇಟೇ, ರಜೆಗೆ ಬಂದ ಮಗ ಹಾಕಿದ ಆಟವೇ? ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ, ಕೀಲಿಮಣೆ ಮತ್ತು ಮೌಸ್ ಬಿಟ್ಟು, ಕಿತ್ತು ಒಂದು ದಿನ ನೋಡಿ. ಖರ್ಚಿಲ್ಲದ ಪರೀಕ್ಷೆ.

ಶುರುವೇ ಆಗದಿದ್ದರೆ ಸೇಫ್ ಮೋಡ್

ವಿಂಡೋಸ್ ಅತಿ ಅಗತ್ಯದ ಡ್ರೈವರುಗಳನ್ನು ಮಾತ್ರ ಹಾಕಿಕೊಂಡು ತೆರೆಯುವ ರೀತಿಗೆ ಸೇಫ್ ಮೋಡ್ ಎನ್ನುತ್ತಾರೆ. ಎಲ್ಲ ಸ್ವಿಚ್ ಆರಿಸಿ ಮೇನ್ ಒಂದನ್ನೇ ಹಾಕಿದಂತೆ. ಅಕ್ಷರಗಳು ದೊಡ್ಡದಾಗಿ ಕಾಣಬಹುದು, ಸೌಂಡ್ ಇರುವುದಿಲ್ಲ. ಗಾಬರಿ ಬೇಡ. ಇಲ್ಲಿ ಯಂತ್ರ ತಾಸುಗಟ್ಟಲೆ ಸುಮ್ಮನೆ ನಡೆದರೆ ಹೊರಗಿನಿಂದ ಬಂದ ಡ್ರೈವರ್ ಅಥವಾ ತಂತ್ರಾಂಶದ್ದೇ ತಪ್ಪಿರುವ ಸಾಧ್ಯತೆ ಹೆಚ್ಚು. ಇಲ್ಲೂ ಬಿದ್ದರೆ ಯಂತ್ರದ ಭಾಗಗಳನ್ನೇ ನೋಡಬೇಕಾಗುತ್ತದೆ.

ವಿಂಡೋಸ್ ತೆರೆಯುತ್ತದಾದರೆ ಶಿಫ್ಟ್ ಕೀಲಿ ಒತ್ತಿಹಿಡಿದು ರಿಸ್ಟಾರ್ಟ್ ಕೊಡಿ. ತೆರೆಯುವುದೇ ಇಲ್ಲವೆಂದರೆ, ಶುರುವಾಗುತ್ತಿದ್ದಂತೆ ಪವರ್ ಬಟನ್ ಒತ್ತಿಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಆದ ಮೇಲೆ ದುರಸ್ತಿಯ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರಿಸ್ಟಾರ್ಟ್ ಎಂದು ಸಾಗಿ ಕೊನೆಗೆ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ ಸೇಫ್ ಮೋಡ್.

ಇಲ್ಲಿ ಬಹಳ ಜನ ಸಿಕ್ಕಿಬೀಳುವ ಜಾಗ ಒಂದಿದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಬೀಗ ಮಾಲೀಕರಿಗೆ ತಿಳಿಯದೆಯೇ ಬಿದ್ದಿರುವುದುಂಟು. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ನೋಡಿ ಪುಸ್ತಕದಲ್ಲಿ ಬರೆದಿಡುವುದು ಲೇಸು. ಸೇಫ್ ಮೋಡಿನಲ್ಲಿ ಕೆಲವೊಮ್ಮೆ ಪಿನ್ ನಡೆಯದೆ ಪೂರ್ತಿ ಪಾಸ್‌ವರ್ಡ್ ಬೇಕಾಗುತ್ತದೆ, ಅದೂ ನೆನಪಿರಲಿ.

ಹಳೆಯದಕ್ಕೆ ಮರಳುವುದು

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಯಂತ್ರದ ಎಲ್ಲ ಆಳುಗಳ ಹಾಜರಿ ಪಟ್ಟಿ ಅದು. ಹಳದಿ ಗುರುತು ಇದ್ದವರಿಗೆ ಏನೋ ಆಗಿದೆ: ಕೋಡ್ 28 ಎಂದರೆ ಡ್ರೈವರ್ ಇಲ್ಲ, ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ, 43 ಎಂದರೆ ಸಾಧನವೇ ತೊಂದರೆ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಗುರುತು ಇಲ್ಲವೆಂದ ಮಾತ್ರಕ್ಕೆ ಡ್ರೈವರ್ ಸರಿ ಎಂದಲ್ಲ. ಯಂತ್ರ ಕೆಡಹುವ ಡ್ರೈವರ್ ಇಲ್ಲಿ ಸಂಭಾವಿತನಂತೆ ಕೂತಿರಬಹುದು.

ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ ಆ ಸಾಧನದ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಟ್ಯಾಬಿಗೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಹಿಂದಿನ ಡ್ರೈವರ್ ಮರಳುತ್ತದೆ. ಆ ಗುಂಡಿ ಮಂಕಾಗಿದ್ದರೆ ಹಿಂದಿನದು ಉಳಿದಿಲ್ಲ ಎಂದರ್ಥ. ಆಗ ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಕಡತವನ್ನೂ ತೆಗೆಯುವ ಚೌಕಕ್ಕೆ ಗುರುತು ಹಾಕಬೇಕು, ಇಲ್ಲದಿದ್ದರೆ ಮರುಪ್ರಾರಂಭದಲ್ಲಿ ಅದೇ ಹಳೆ ಕಡತ ಮತ್ತೆ ಬಂದು ಕೂರುತ್ತದೆ. ಆಮೇಲೆ ಲ್ಯಾಪ್‌ಟಾಪ್ ಅಥವಾ ಸಾಧನದ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್ ಹೆಸರು ಕೊಟ್ಟು ಸರಿಯಾದ ಡ್ರೈವರ್ ಇಳಿಸಿಕೊಳ್ಳಿ. ‘ನಿಮ್ಮ 17 ಡ್ರೈವರುಗಳು ಹಳತಾಗಿವೆ’ ಎಂದು ಹೆದರಿಸುವ ಉಚಿತ ತಂತ್ರಾಂಶಗಳ ಸಹವಾಸ ಬೇಡ. ನಡೆಯುತ್ತಿರುವ ಡ್ರೈವರನ್ನು ಹಳೆಯದೆಂಬ ಕಾರಣಕ್ಕೆ ಬದಲಿಸುವ ಅಗತ್ಯ, ಭದ್ರತಾ ದೋಷ ಕಂಡುಬಂದ ಹೊರತು, ಅಪರೂಪ. ಯಾವ ಡ್ರೈವರ್ ಎಂದೇ ತಿಳಿಯದಿದ್ದರೆ ಸಿಸ್ಟಮ್ ರಿಸ್ಟೋರ್ ಇದೆ. ಅದು ಮೊದಲೇ ಚಾಲೂ ಇದ್ದಿದ್ದರೆ ಯಂತ್ರದ ವ್ಯವಸ್ಥೆಯನ್ನು ಹಿಂದೆ ಉಳಿಸಿಟ್ಟ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ, ನಿಮ್ಮ ಕಡತಗಳನ್ನು ಮುಟ್ಟುವುದಿಲ್ಲ.

ಫಾರ್ಮ್ಯಾಟ್ ಮಾಡಿಸಿದರೂ ಎಷ್ಟೋ ಸಲ ತೊಂದರೆ ವಾರದೊಳಗೆ ಮರಳುವುದೇಕೆ ಎಂಬುದು ಈಗ ತಿಳಿಯಬೇಕು. ಹೊಸ ವಿಂಡೋಸ್ ಇಂಟರ್‌ನೆಟ್ಟಿಗೆ ಸೇರಿದ ಕೂಡಲೇ ವಿಂಡೋಸ್ ಅಪ್‌ಡೇಟ್ ಮೂಲಕ ಅದೇ ಡ್ರೈವರ್ ತಾನಾಗಿ ಬರಬಹುದು, ಅಥವಾ ನಾವೇ ಅದೇ ಸಿಡಿ ಹಾಕುತ್ತೇವೆ. ಹಾಗೆ ಬಂದರೆ ಅಪ್‌ಡೇಟನ್ನು ಕೆಲವು ದಿನ ತಡೆಹಿಡಿದು, ಕಂಪನಿಯ ಸರಿಯಾದ ಆವೃತ್ತಿ ಹಾಕಿ ನೋಡಬೇಕು.

ಡ್ರೈವರ್ ವೆರಿಫೈಯರ್ ಎಂಬ ಸಾಧನವೂ ವಿಂಡೋಸಿನಲ್ಲೇ ಇದೆ. ಅನುಮಾನದ ಡ್ರೈವರುಗಳ ಮೇಲೆ ಬೇಕೆಂದೇ ಒತ್ತಡ ಹಾಕಿ, ತಪ್ಪು ಮಾಡಿದ ಕೂಡಲೇ ನೀಲಿ ಪರದೆ ತರಿಸಿ ಹೆಸರು ಹೇಳಿಸುತ್ತದೆ. ಕಳ್ಳನನ್ನು ಹಿಡಿಯಲು ಬಲೆ ಬೀಸಿದ ಹಾಗೆ. ಬಲೆಗೆ ಮನೆಯವರೂ ಬೀಳಬಹುದು, ಯಂತ್ರ ಶುರುವಾಗದೆಯೂ ಹೋಗಬಹುದು. ಹಾಗಾದಾಗ ಸೇಫ್ ಮೋಡಿನಲ್ಲಿ ಅದನ್ನು ರದ್ದು ಮಾಡುವುದು ಗೊತ್ತಿರುವವರ ಕೈಗೆ ಮಾತ್ರ ಇದನ್ನು ಬಿಡಿ.

ತೂಕದ ಯಂತ್ರಕ್ಕೆ ಏನಾಯಿತು?

ಸುಂಟಿಕೊಪ್ಪದ ಯಂತ್ರಕ್ಕೆ ಫೋನಿನಲ್ಲಿ ಹೇಳಿದ್ದು ಇಷ್ಟು: ತೂಕದ ಯಂತ್ರದಿಂದ ಬಂದ ಕೇಬಲ್ ಕಿತ್ತುಬಿಡಿ, ಇವತ್ತಿನ ತೂಕ ಪುಸ್ತಕದಲ್ಲಿ ಬರೆಯಿರಿ. ಆ ರಾತ್ರಿ ಎಂಟರವರೆಗೆ ರೈಟರ್ ಬೇರೆ ಲೆಕ್ಕ ಟೈಪ್ ಮಾಡಿದರು, ಒಮ್ಮೆಯೂ ಬೀಳಲಿಲ್ಲ.

ಭಾನುವಾರ ಹೋಗಿ ನೋಡಿದಾಗ ಕತೆ ಗೊತ್ತಾಯಿತು. ತೂಕದ ಯಂತ್ರದಲ್ಲಿರುವುದು ಹಳೇ ಸೀರಿಯಲ್ ಪೋರ್ಟ್. ಅದನ್ನು ಯುಎಸ್‌ಬಿಗೆ ತಿರುಗಿಸುವ ಕೇಬಲ್ಲಿನೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ವಿಂಡೋಸ್ 11 ತಂದ ಹೊಸ ಡ್ರೈವರ್ ಆ ಹಳೇ ಚಿಪ್ಪನ್ನು ಒಪ್ಪದೆ ಕೋಡ್ 10 ತೋರಿಸಿದೆ. ಯಾರೋ ಉಪಕಾರ ಮಾಡಲು ಹೋಗಿ ಬೀರುವಿನಲ್ಲಿದ್ದ ಸಿಡಿಯಿಂದ ವಿಂಡೋಸ್ 7ರ ಕಾಲದ ಡ್ರೈವರನ್ನು ಒತ್ತಾಯದಿಂದ ಹಾಕಿದ್ದಾರೆ. ಅದಕ್ಕಾಗಿ ಕೋರ್ ಐಸೊಲೇಷನ್‌ನಲ್ಲಿರುವ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲನ್ನೂ ಆರಿಸಿದ್ದಾರೆ. ತೂಕ ಬರುತ್ತಿತ್ತು, ನಿಜ. ಕಂಪ್ಯೂಟರ್ ಸ್ವಲ್ಪ ಹೊತ್ತು ನಿದ್ದೆಗೆ ಹೋಗಿ ಎದ್ದಾಗ, ಅಥವಾ ಯಾರದೋ ಕಾಲು ತಾಗಿ ಕೇಬಲ್ ಅಲುಗಿದಾಗ ಮಾತ್ರ ಎಲ್ಲ ಬೀಳುತ್ತಿತ್ತು. ಮಿನಿಡಂಪ್‌ನಲ್ಲಿ ಪ್ರತಿ ಸಲವೂ ಅದೇ ಡ್ರೈವರಿನ ಹೆಸರು.

ಡ್ರೈವರ್ ತೆಗೆದು, ಕಾವಲು ಮತ್ತೆ ಹಾಕಿ, ಕುಶಾಲನಗರದಿಂದ ಹೊಸ ಚಿಪ್ಪಿನ ಕೇಬಲ್ ತರಿಸಿದೆವು. ಸಿಕ್ಕಿಸಿದರೂ ತೂಕ ಬರಲಿಲ್ಲ, ಅರ್ಧ ಗಂಟೆ ತಲೆ ಕೆಡಿಸಿಕೊಂಡೆವು. ಹಳೇ ಕೇಬಲ್ ‘ಕಾಮ್ 3’ ಎಂಬ ಬಾಗಿಲಲ್ಲಿತ್ತು, ಹೊಸದಕ್ಕೆ ವಿಂಡೋಸ್ ‘ಕಾಮ್ 5’ ಕೊಟ್ಟಿತ್ತು. ತೂಕದ ತಂತ್ರಾಂಶ ಪಾಪ ಹಳೇ ಬಾಗಿಲನ್ನೇ ಕಾಯುತ್ತಾ ಕೂತಿತ್ತು. ಸೆಟ್ಟಿಂಗ್ಸ್‌ನಲ್ಲಿ ಮೂರನ್ನು ಐದು ಮಾಡಿದ ಮೇಲೆ ರೈಟರ್ ಒಂದು ಚೀಲ ಹಣ್ಣು ಎತ್ತಿಟ್ಟರು. ಪರದೆಯಲ್ಲಿ 52.4 ಎಂದು ಬಂತು.